ಅತ್ತೆಯ ಬುದ್ಧಿಪರೀಕ್ಷೆಗೆ ನಾನು ಕೊಟ್ಟ ತರಬೇತಿ

ಇಪ್ಪತ್ತು ವರ್ಷ ಚಿಕ್ಕೋಡಿಯ ಮಕ್ಕಳನ್ನು ಪರೀಕ್ಷೆಗೆ ತಯಾರು ಮಾಡಿದ ಮಾಸ್ತರನಿಗೆ ಒಬ್ಬ ಅತ್ತೆಯನ್ನು ಪಾಸು ಮಾಡಿಸುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ.

ತೊಂಬತ್ತರ ದಶಕದ ಆರಂಭದ ಮಾತು. ಅತ್ತೆ ಎಂದರೆ ಏಕಸಂಬಿಯ ನನ್ನ ಸೋದರತ್ತೆ ಸುಂದರವ್ವ, ಎಪ್ಪತ್ತೈದು ದಾಟಿದವಳು. ಆಕೆಯ ಬಾಲ್ಯದ ಗೆಳತಿ ಒಂದು ವೃದ್ಧಾಶ್ರಮ ಸೇರಿದ್ದಳು. ಪಕ್ಕದ ಮಂಚ ಖಾಲಿ ಇದೆ, ಬೇಗ ಬಾ ಎಂದು ಕಾರ್ಡು ಬರೆಸಿದ್ದಳು. ಅತ್ತೆ ಅಂದೇ ಟ್ರಂಕು ತುಂಬಿಸಿಕೊಂಡು ಚಿಕ್ಕೋಡಿಯ ನಮ್ಮ ಮನೆಗೆ ಬಂದಳು. ಆದರೆ ಆಶ್ರಮದ್ದೊಂದು ಕಟ್ಟಳೆ: ಬುದ್ಧಿ ಸ್ವಸ್ಥವಾಗಿದೆ ಎಂದು ಡಾಕ್ಟರು ಬರೆದುಕೊಡಬೇಕು. ವಾರದೊಳಗೆ ಆ ಚೀಟಿ ತಾರದಿದ್ದರೆ ಮಂಚ ಬೇರೆಯವರ ಪಾಲು.

ಸೋಮವಾರ ನಮ್ಮೂರ ಡಾಕ್ಟರ ಬಳಿ ಹೋಗುವುದೆಂದಾಯಿತು. ಅವರು ಏನೇನು ಕೇಳುತ್ತಾರೆಂದು ಕಾಂಪೌಂಡರನಿಂದ ಮೊದಲೇ ತಿಳಿದುಕೊಂಡೆ. ಇವತ್ತು ಯಾವ ವಾರ, ಇದು ಯಾವ ಊರು, ಜೊತೆಗೆ ಬಂದವರು ಯಾರು. ಸೋಮವಾರ, ಚಿಕ್ಕೋಡಿ, ಅಣ್ಣನ ಮಗ. ಮೂರೂ ಉತ್ತರಗಳನ್ನು ಎರಡು ದಿನ ಮಗ್ಗಿಯಂತೆ ಬಾಯಿಪಾಠ ಮಾಡಿಸಿದೆ. ಅತ್ತೆಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಸುಮ್ಮನಿರಿ ಎಂದಳು ಹೆಂಡತಿ. ಶಿಕ್ಷಣಶಾಸ್ತ್ರ ಅವಳಿಗೆ ಹೇಗೆ ತಿಳಿಯಬೇಕು!

ಸೋಮವಾರ ಹೋದರೆ ಡಾಕ್ಟರು ರಜೆ. ಮರುದಿನ ಬಸ್ಸು ಹತ್ತಿ ನಿಪ್ಪಾಣಿಯ ಇನ್ನೊಬ್ಬ ಡಾಕ್ಟರ ಬಳಿ ಹೋದೆವು. ದಾರಿಯುದ್ದಕ್ಕೂ ಪಾಠ ಒಪ್ಪಿಸಿಕೊಂಡೆ. ಉತ್ತರಗಳು ಬದಲಾಗಿವೆ ಎಂಬುದು ಮಾತ್ರ ಹೊಳೆಯಲಿಲ್ಲ.

ಡಾಕ್ಟರು ವಾರ ಕೇಳಿದರು. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ, ಸೋಮವಾರ ಎಂದಳು. ಊರು? ಚಿಕ್ಕೋಡಿ. ಕಾಗದದ ಮೇಲೆ ಎರಡು ತಪ್ಪಿನ ಕಾಟು ಬಿದ್ದವು.

ಇವತ್ತು ಮಂಗಳವಾರವೇ, ಆದರೆ ಸೋಮವಾರವೆಂದು ಕಲಿಸಿದವನು ನಾನು, ನಿಪ್ಪಾಣಿಯನ್ನು ಚಿಕ್ಕೋಡಿ ಎಂದವನೂ ನಾನೇ ಎಂದು ತೊದಲಿದೆ. ಡಾಕ್ಟರು ಅತ್ತೆಯನ್ನು ಬಿಟ್ಟು ನನ್ನತ್ತ ತಿರುಗಿದರು.

“ಎಷ್ಟ ದಿನದಿಂದ ಹಿಂಗ ಆಗಾಕತ್ತೈತ್ರಿ?” ಎಂದು ಮೆಲ್ಲಗೆ ಕೇಳಿದರು.

ನನ್ನನ್ನೇ!

ಅತ್ತೆಗೆ ತಡೆಯಲಾಗಲಿಲ್ಲ. “ಸಾಹೇಬ್ರ, ಇದು ನಿಪ್ಪಾಣಿ, ಇವತ್ತ ಮಂಗಳವಾರ ಅಂತ ನನಗ ಗೊತ್ತೈತ್ರಿ. ಪಾಪ, ಎರಡ ದಿನ ಕುಂತು ಕಲಿಸ್ಯಾನ. ಬ್ಯಾರೆ ಅಂದ್ರ ಮನಸ್ಸಿಗೆ ಹಚ್ಚಿಕೊಳ್ತಾನಂತ ಹಂಗ ಅಂದ್ನಿ.”

ಆಶ್ರಮಕ್ಕೆ ಯಾಕೆ ಹೋಗುತ್ತೀರಿ ಎಂದು ಡಾಕ್ಟರು ಕೇಳಿದರು. ಇದು ನನ್ನ ಪಠ್ಯದಲ್ಲಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

“ಅಲ್ಲಿ ನನ್ನ ಗೆಳತಿ ಅದಾಳ್ರಿ. ನಕ್ಕೊಂತ ಮಾತಾಡಾಕ ಒಬ್ರು ಬೇಕಲ್ರಿ.”

ಡಾಕ್ಟರು ನಕ್ಕು, ಕಾಟುಗಳನ್ನು ಹೊಡೆದುಹಾಕಿ ಸಹಿ ಮಾಡಿದರು.

ಆಶ್ರಮದಲ್ಲಿ ಗೆಳತಿ ಬಾಗಿಲಿಗೇ ಬಂದು ಅತ್ತೆಯ ಕೈ ಹಿಡಿದುಕೊಂಡಳು. ವ್ಯವಸ್ಥಾಪಕರು ಏನಾದರೂ ಆದರೆ ಯಾರಿಗೆ ತಿಳಿಸಬೇಕೆಂದು ಕೇಳಿದಾಗ ನಾನು ಎದೆಯುಬ್ಬಿಸಿ ಮುಂದೆ ಬಂದೆ.

“ಇವನ ಹೆಸರ ಬ್ಯಾಡ್ರಿ, ಇವನ ಹೆಂಡ್ತಿದು ಬರ್ಕೊಳ್ರಿ,” ಎಂದಳು ಅತ್ತೆ.

ವ್ಯವಸ್ಥಾಪಕರು ಹಾಗೇ ಬರೆದುಕೊಂಡರು. ಬೇಸರವಾಗಬೇಕಿತ್ತು. ಆದರೆ ಪುಣ್ಯಕ್ಕೆ, ಬಿಡಲು ಬಂದವರಿಗೂ ಬುದ್ಧಿಪರೀಕ್ಷೆ ಎಂಬ ಕಟ್ಟಳೆ ಅಲ್ಲಿರಲಿಲ್ಲ. ಅಂಥ ಕಟ್ಟಳೆ ಬರುವ ಮೊದಲೇ ಬಸ್ಸು ಹಿಡಿದೆ.