ಅತ್ತೆಯ ಬದನೆಕಾಯಿ, ಅಳಿಯನ ಷೇರು

ಷೇರು ಇಳಿದ ದಿನ ಮಮ್ದೂಹ್‌ನ ಮನೆಯ ಬಾಗಿಲುಗಳೆಲ್ಲ ದಡದಡ ಬಡಿದುಕೊಳ್ಳುತ್ತಿದ್ದವು. ಏರಿದ ದಿನ ಅವನು ಗಾಬರಿಯಿಂದ ಬೇಗ ಮಾರಿ, ಆಮೇಲೆ ಇನ್ನೂ ಏರಿತೆಂದು ಗೋಡೆ ನೋಡುತ್ತ ಕೂರುತ್ತಿದ್ದ. (ಎರಡೂ ದಿನ ಚಹಾ ತಣ್ಣಗಾಗುತ್ತಿತ್ತು.) ಈಗ ಒಂದು ತಿಂಗಳಿಂದ ಅವನದು ಒಂದೇ ಜಪ: ಸಿಮೆಂಟ್ ಷೇರು ಹನ್ನೆರಡು ಪೌಂಡ್ ಮುಟ್ಟಲಿ, ಮಾರುತ್ತೇನೆ. ನಿದ್ದೆಯಲ್ಲೂ ಹನ್ನೆರಡು ಎನ್ನುತ್ತಿದ್ದ. ಕೊನೆಗೆ ಹೆಂಡತಿ ಇನ್ಶಿರಾಹ್ ತೀರ್ಪು ಕೊಟ್ಟಳು. ಇನ್ನೊಮ್ಮೆ ಬಾಗಿಲು ಬಡಿದರೆ ಕಂಪ್ಯೂಟರ್ ಮಾರಾಟಕ್ಕೆ, ಅವನು ಅವಳಣ್ಣನ ಪರದೆ ಬಟ್ಟೆಯ ಅಂಗಡಿಗೆ.

ಮರುದಿನ ಊಟದ ಮೇಜಿನ ಒಂದು ತುದಿಯಲ್ಲಿ ಅವನ ಕಂಪ್ಯೂಟರ್, ಇನ್ನೊಂದು ತುದಿಯಲ್ಲಿ ಅತ್ತೆ ಹಜ್ಜಾ ತಹಿಯ್ಯಾ. ಅಕ್ಕಿ ತುಂಬಿ ಬೇಯಿಸುವ ಮಹ್ಶಿಗೆಂದು ಅವರು ಬೆರಳುದ್ದದ ಬದನೆಕಾಯಿ ಕೊರೆಯುತ್ತಿದ್ದರು. ನೀಳ ಚಾಕು ಒಳಹೊಕ್ಕು, ಮೆಲ್ಲಗೆ ಸುತ್ತಿ, ತಿರುಳನ್ನಷ್ಟೇ ಹೊರಗೆ ತರುತ್ತಿತ್ತು. ಬೀದಿಯಲ್ಲಿ ಗ್ಯಾಸಿನವನು ಸಿಲಿಂಡರ್ ಬಡಿದ. ಆ ಕೈ ನಡುಗಲಿಲ್ಲ. ಸಿಮೆಂಟ್ ಕುಸಿಯಿತು, ಅಳಿಯ ಚೀರಿದ, ಆಗಲೂ ನಡುಗಲಿಲ್ಲ.

ಮಮ್ದೂಹ್ ಬೆರಗಾದ. ಮನೋನಿಗ್ರಹವೆಂಬ ಮಹಾವಿದ್ಯೆ ತನ್ನ ಊಟದ ಮೇಜಿನ ಮೇಲೇ ಇತ್ತು.

"ಅತ್ತೆ, ನಿಮಗೆ ಗಾಬರಿ ಆಗೋದೇ ಇಲ್ವಾ?"

"ಆದ್ರೆ ಬದನೆಕಾಯಿಗೆ ಗೊತ್ತಾಗತ್ತೆ ಮಗಾ. ತೂತು ಬೀಳತ್ತೆ," ಎಂದು ಅವರು ಇನ್ನೊಂದು ಚಾಕುವನ್ನು ಅವನತ್ತ ಸರಿಸಿದರು.

ಮಾರಿಬಿಡೋಣವೆಂದು ಬೆರಳು ತುರಿಸಿದಾಗಲೆಲ್ಲ ಅವನೊಂದು ಬದನೆಕಾಯಿ ಎತ್ತಿಕೊಂಡ. ಮೊದಲನೆಯದು ಸೀಳಿತು. ಎರಡನೆಯದಕ್ಕೆ ಕಿಟಕಿ ಬಂತು. ಆಮೇಲೆ ಯಾವಾಗಲೋ ಉಸಿರು ನಿಧಾನವಾಯಿತು. ಸಿಪ್ಪೆ ಎಲ್ಲಿ ತೆಳುವಾಗುತ್ತಿದೆಯೆಂದು ಬೆರಳಿಗೇ ತಿಳಿಯತೊಡಗಿತು. ಕಡೆಗೊಂದು ಇಡಿಯಾಗಿ ಉಳಿಯಿತು. ಅದನ್ನು ಕಿಟಕಿಗೆ ಹಿಡಿದ. ಬಿಸಿಲು ಅದರೊಳಗೆ ನೇರಳೆಯಾಗಿ ನಿಂತಿತು. ಇಷ್ಟು ಚೆಂದದ್ದನ್ನು ತನ್ನ ಕೈ ಮಾಡೀತೆಂದು ಅವನು ಎಣಿಸಿರಲಿಲ್ಲ.

ಆಮೇಲೆ ಕಂಪ್ಯೂಟರ್ ಪರದೆ ನೋಡಿದ. ಪೇಟೆ ಮುಚ್ಚಿತ್ತು. ಷೇರು ಹನ್ನೆರಡು ಮುಟ್ಟಿ, ಸ್ವಲ್ಪ ಹೊತ್ತು ಕಾದು, ಒಂಬತ್ತಕ್ಕೆ ಇಳಿದುಹೋಗಿತ್ತು.

"ಹನ್ನೆರಡು ಬಂದಿದ್ದು ನಾನು ನೋಡ್ದೆ," ಎಂದರು ಅತ್ತೆ. "ನಿನ್ನ ಚಾಕು ಒಳಗಿತ್ತು. ಮಾತಾಡ್ಸಿದ್ರೆ ತೂತು ಬೀಳ್ತಿತ್ತು."

ಇನ್ಶಿರಾಹ್ ಬಾಗಿಲಿಗೆ ಅಡ್ಡ ನಿಂತಳು. ಮಮ್ದೂಹ್ ತನ್ನೊಳಗೆಲ್ಲ ಕೋಪವನ್ನು ಹುಡುಕಿದ, ಸಿಗಲಿಲ್ಲ.

"ನೋಡೇ," ಎಂದ ಮೆಲ್ಲಗೆ, "ಒಂದೂ ತೂತಿಲ್ಲ."

ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಗಂಡನನ್ನೂ ಹಾಗೆಯೇ ನೋಡಿದಳು. ಕಂಪ್ಯೂಟರ್ ಮನೆಯಲ್ಲೇ ಇರಲಿ ಎಂದಳು. ನಂತರ ಅಡುಗೆಮನೆಯಿಂದ ಒಂದು ಮೂಟೆಯನ್ನು ಎಳೆದು ತಂದು ಅವನ ಕಾಲ ಬಳಿ ನಿಲ್ಲಿಸಿದಳು.

"ನಾಳೆ ಅಣ್ಣನ ಮಗಳ ನಿಶ್ಚಿತಾರ್ಥ ಕಣ್ರೀ. ಪೇಟೆ ತೆರೆಯೋದ್ರೊಳಗೆ ಇಷ್ಟನ್ನೂ ಕೊರೆದು ಮುಗಿಸ್ಬಿಡಿ."