ಒಳಜೇಬಿನಲ್ಲಿದ್ದ ಫೋನು

ಬೇರೆಯವರಿಗೆ ಬುದ್ಧಿ ಹೇಳುವವರಿಗೆ ಒಂದು ಕಾಯಿಲೆ ಇರುತ್ತದೆ. ತಾವು ಹೇಳಿದ್ದೆಲ್ಲ ತಮ್ಮನ್ನು ಬಿಟ್ಟು ಉಳಿದವರಿಗೆ ಎಂದು ನಂಬಿರುತ್ತಾರೆ. ನನಗಂತೂ ಅದು ಬಲಿತಿದೆ. ಪರದೇಶದ ವಿಕ್ಸಮ್ ಎಂಬ ಊರಿನಲ್ಲಿ ಬಣ್ಣ ತಯಾರಿಸುವ ಸಣ್ಣದೊಂದು ಕಂಪನಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವವನು. ಹೊಸಬರಿಗೆ ಸುರಕ್ಷತೆಯ ಪಾಠ ಮಾಡುವ ಕೆಲಸವೂ, ಬೇರೆ ಯಾರೂ ಒಪ್ಪದ ಕಾರಣ, ನನ್ನ ಕೊರಳಿಗೇ ಬಿದ್ದಿದೆ. ಥಿನ್ನರ್ ಬೆರೆಸುವ ಕೋಣೆಗೆ ಫೋನ್ ಒಯ್ಯಬಾರದು, ಆವಿ ತುಂಬಿದ ಗಾಳಿಗೆ ಒಂದು ಕಿಡಿ ಸಾಕು ಎನ್ನುವಾಗ ನನ್ನ ದನಿ ಎಷ್ಟು ಗಂಭೀರವಾಗುತ್ತದೆಂದರೆ, ಒಮ್ಮೆ ಒಬ್ಬ ದಢೂತಿ ಟ್ರಕ್ ಡ್ರೈವರ್ ಪಾಠದ ನಡುವೆಯೇ ಎದ್ದುಹೋಗಿ ತನ್ನ ಫೋನನ್ನು ಟ್ರಕ್ಕಿನಲ್ಲಿಟ್ಟು ಬಂದ.

ಕಳೆದ ಚಳಿಗಾಲದಲ್ಲಿ ಆ ಕೋಣೆಯ ಕಂಪ್ಯೂಟರೇ ಕೆಟ್ಟಿತು. ಆಫೀಸಿನ ಕಟ್ಟಡದಿಂದ ಪಾರ್ಕಿಂಗ್ ಲಾಟ್ ದಾಟಿ, ಜಾಕೆಟ್ ಹಾಕಿಕೊಂಡೇ ಹೋದೆ. ಬಾಗಿಲ ಪಕ್ಕದಲ್ಲಿ ಫೋನ್ ಇಡುವ ಗೂಡುಗಳಿವೆ. ಅವುಗಳ ಮೇಲಿನ ಬೋರ್ಡನ್ನು ಅಚ್ಚು ಹಾಕಿಸಿದವನೂ ನಾನೇ. ಎರಡು ನಿಮಿಷದ ಕೆಲಸಕ್ಕೆ ಯಾಕೆ ಎಂದುಕೊಂಡು ಒಳಗೆ ಹೋದೆ. ಕೀಬೋರ್ಡ್ ಮುಟ್ಟಿದ್ದೆ ಅಷ್ಟೆ, ಜಾಕೆಟ್ಟಿನೊಳಗಿಂದ ವೀಣೆ ನುಡಿಯಿತು. ಮೆಂತ್ಯ ಸೊಪ್ಪು ಸಿಗಲಿಲ್ಲ, ಪಾಲಕ್ ತರಲೇ ಎಂದು ಕೇಳಲು ಹೆಂಡತಿ ಅಂಗಡಿಯಿಂದ ಮಾಡಿದ್ದ ಕರೆ ಅದು.

ಸೂಪರ್‌ವೈಸರ್ ಡಾನಾ ನನ್ನನ್ನೊಮ್ಮೆ ನೋಡಿ, ಮಿಕ್ಸರ್‌ಗಳನ್ನು ನಿಲ್ಲಿಸಿ, ಎಲ್ಲರನ್ನೂ ಹೊರಗೆ ಕಳಿಸಿದಳು. ಆವಿಯ ಮೀಟರ್ ಹಿಡಿದು ಕೋಣೆಯನ್ನೆಲ್ಲ ಪರೀಕ್ಷಿಸುವವರೆಗೆ ಯಾರೂ ಒಳಗೆ ಬರಬಾರದೆಂಬುದು ನಿಯಮ. ಇಪ್ಪತ್ತು ಜನ ತೆಳ್ಳನೆಯ ಕೆಲಸದ ಬಟ್ಟೆಯಲ್ಲಿ, ಹತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ, ಹಿಮದ ಮೇಲೆ ಕಾಲು ಬದಲಾಯಿಸುತ್ತ ನಿಂತರು. ಜಾಕೆಟ್ ಇದ್ದವನು ನಾನೊಬ್ಬನೇ.

ಅವರಲ್ಲಿ ಪಾಟೀಲ್ ಅಂಕಲ್ ಇದ್ದರು. ಧಾರವಾಡದವರು, ಬಣ್ಣದ ಕೆಮಿಸ್ಟ್, ಅರವತ್ತು ದಾಟಿದವರು. ಎರಡು ತಿಂಗಳ ಹಿಂದಷ್ಟೇ ಎದೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡಿದ್ದರು. ಅವರು ನಡುಗುವುದನ್ನು ನೋಡಲಾಗಲಿಲ್ಲ. ಫೋನನ್ನು ಆಫ್ ಮಾಡಿ ಒಳಜೇಬಿಗೆ ಹಾಕಿದೆ. ಜಾಕೆಟ್ ಬಿಚ್ಚಿ ಅವರಿಗೆ ತೊಡಿಸಿ, ಕತ್ತಿನವರೆಗೂ ಜಿಪ್ ಎಳೆದೆ. ಪಾಪ ಸ್ವಲ್ಪ ಕರಗಿತು ಅನ್ನಿಸಿತು.

ಅಂಕಲ್ ಎದೆಯ ಎಡಭಾಗ ಮುಟ್ಟಿ ನೋಡಿಕೊಂಡರು. "ತಮ್ಮಾ, ಇಲ್ಲೇನೋ ಗಟ್ಟಿ ಒತ್ತಾಕತ್ತೈತಿ. ಏನದು?"

"ಫೋನ್, ಅಂಕಲ್."

"ಡಾಕ್ಟರ್ ನನಗ ಆರು ಇಂಚು ದೂರ ಇಡು ಅಂದಾರ."

"ಆಫ್ ಮಾಡಿದೀನಿ ಅಂಕಲ್."

"ಆಫ್ ಮಾಡಿದ್ರ ಅದರಾಗಿನ ಮ್ಯಾಗ್ನೆಟ್ಟೂ ಆಫ್ ಆಗತೈತೇನು?"

ಇದೂ ನನ್ನ ಪಾಠದಲ್ಲಿ ಇರುವ ಮಾತೇ. ಅವರು ಜಿಪ್ ಇಳಿಸಿ, ಫೋನನ್ನು ಎರಡು ಬೆರಳಲ್ಲಿ ಹಿಡಿದು, ಕೈ ಚಾಚಿದಷ್ಟು ದೂರ ಚಾಚಿ ನನಗೆ ಕೊಟ್ಟರು. "ತಲಿ ಒಂಚೂರು ತಿರಗಿದಂಗ ಅನಸ್ತೈತಿ. ಚಳಿಗೂ ಇರಬಹುದು" ಅಂದರು. ತಕ್ಷಣ ಅವರ ಡಾಕ್ಟರಿಗೆ ಫೋನ್ ಮಾಡಿ, ನಾನೇ ಕಾರಿನಲ್ಲಿ ಕರೆದುಕೊಂಡು ಹೊರಟೆ. ಅವರ ಕ್ಲಿನಿಕ್ ಇದ್ದ ನಾರ್ತ್‌ವಿಲ್‌ವರೆಗೂ ಪ್ರತಿ ಸಿಗ್ನಲ್ಲಿನಲ್ಲಿ ಅವರ ಮುಖ ನೋಡುತ್ತಿದ್ದೆ. ಕೊನೆಗೆ ಅವರೇ "ರೋಡ್ ನೋಡ್ಕೊಂಡು ಡ್ರೈವ್ ಮಾಡಪಾ, ಇಲ್ಲಾಂದ್ರ ಇಬ್ಬರನ್ನೂ ಚೆಕ್ ಮಾಡಬೇಕಾಗತೈತಿ" ಅಂದರು.

ಕ್ಲಿನಿಕ್ಕಿನಲ್ಲಿ ಪೇಸ್‌ಮೇಕರ್ ಪರೀಕ್ಷಿಸಿದ ನರ್ಸ್, ಎಲ್ಲ ಸರಿಯಿದೆ, ಕೆಲವು ಕ್ಷಣ ಆಯಸ್ಕಾಂತ ಹತ್ತಿರವಿದ್ದದ್ದು ಯಂತ್ರದಲ್ಲಿ ದಾಖಲಾಗಿದೆ ಎಂದಳು. ಜೇಬಿನಲ್ಲಿ ಫೋನ್ ಇಟ್ಟವರು ಯಾರು ಎಂದೂ ಕೇಳಿದಳು. ಅಂಕಲ್ ನನ್ನನ್ನು ತೋರಿಸಿ, ಕಂಪನಿಯಲ್ಲಿ ಸುರಕ್ಷತೆಯ ಪಾಠ ಮಾಡುವವನು ಇವನೇ ಎಂದು ಇಂಗ್ಲಿಷಿನಲ್ಲಿ ಪರಿಚಯ ಮಾಡಿಕೊಟ್ಟರು. ಅವಳು ನಗಲಿಲ್ಲ. ಬರೆದುಕೊಂಡಳು.

ಪಾಠದ ಕೆಲಸ ತಪ್ಪೀತು ಎಂಬ ಆಸೆಯಿತ್ತು. ಈಗ ಹೇಳಲು ಒಳ್ಳೆಯ ಉದಾಹರಣೆ ಸಿಕ್ಕಿತಲ್ಲ ಎಂದು ಡಾನಾ ಅದನ್ನು ನನ್ನಲ್ಲೇ ಉಳಿಸಿದಳು. ಅಂದಿನಿಂದ ಪ್ರತಿ ತಂಡಕ್ಕೂ ಆ ಕಥೆ ಹೇಳುತ್ತೇನೆ, ಆದರೆ "ಹಿಂದೊಬ್ಬ ಉದ್ಯೋಗಿ" ಎಂದು. ಕಳೆದ ತಿಂಗಳು ಇಲ್ಲೇ ಹುಟ್ಟಿ ಬೆಳೆದ ಮೇಘನಾ ಎಂಬ ಹುಡುಗಿ ಹೊಸದಾಗಿ ಸೇರಿದ್ದಳು. ಆ ಮನುಷ್ಯ ಆಮೇಲೆ ಏನಾದ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಬಿಟ್ಟು ಹೋದ ಎಂದೆ. ಬಾಯಿ ತಾನಾಗಿ ಹೇಳಿಬಿಟ್ಟಿತು.

ಮೀಟರ್ ತೋರಿಸಲೆಂದು ಬಂದು ಹಿಂದೆ ಕೂತಿದ್ದ ಪಾಟೀಲ್ ಅಂಕಲ್ ಕನ್ನಡದಲ್ಲೇ, "ಎಲ್ಲೂ ಹೋಗಿಲ್ಲವ್ವಾ. ನಿನ್ನ ಮುಂದನ ನಿಂತಾನ" ಅಂದರು.

ಮೇಘನಾ ನನ್ನನ್ನು ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದಳು, ಆಮೇಲೆ ಅಕ್ಕಪಕ್ಕದವರಿಗೆಲ್ಲ ಅದನ್ನು ಚೊಕ್ಕವಾಗಿ ಅನುವಾದಿಸಿದಳು. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡವೇ ಬರುವುದಿಲ್ಲವಲ್ಲ ಎಂದು ಹೋದ ಮನೆಯಲ್ಲೆಲ್ಲ ಕೊರಗುವವನು ನಾನು. ಅಂದು ಮಾತ್ರ, ಈ ಒಂದು ಮಗುವಿಗೆ ಬಾರದಿದ್ದರೆ ಏನು ಗಂಟು ಹೋಗುತ್ತಿತ್ತು ಅನ್ನಿಸಿತು.