ಸೊನ್ನೆರಾಯರ ಕಿಟಕಿ

ಎಲ್ಲ ಶುರುವಾದದ್ದು ಒಂದು ಮೊಣಕೈಯಿಂದ.

ಶರಬತ್ತಿನ ಕಾರ್ಖಾನೆಯ ಮಹಡಿಯಲ್ಲಿ, ಕಿಟಕಿಯ ಪಕ್ಕ ಕೂತು ಪಾಕದ ಸಿಹಿ ಅಳೆಯುವವರನ್ನು ಎಲ್ಲರೂ ಸೊನ್ನೆರಾಯರು ಎನ್ನುತ್ತಿದ್ದರು. ಗೇಣುದ್ದದ ಒಂದು ಕೊಳವೆ ಅವರ ಸರ್ವಸ್ವ. ಅದರ ತುದಿಯ ಗಾಜಿಗೆ ಎರಡು ಹನಿ ಪಾಕ ಹಾಕಿ, ಬೆಳಕಿಗೆ ಹಿಡಿದು ನೋಡಿದರೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ ಯಾವ ಅಂಕಿಯ ಮೇಲಿದೆಯೋ ಅಷ್ಟು ಸಕ್ಕರೆ. ದಿನಾ ಬೆಳಿಗ್ಗೆ ಮೊದಲು ಬಟ್ಟಿ ಇಳಿಸಿದ ನೀರು ಹಾಕಿ, ಪುಟ್ಟ ತಿರುಪು ತಿರುಗಿಸಿ, ಗೆರೆಯನ್ನು ಸೊನ್ನೆಗೆ ತರಬೇಕು. ಎರಡು ನಿಮಿಷದ ಈ ಕೆಲಸಕ್ಕೆ ರಾಯರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಆ ನೀಲಿಯೊಳಗೆ ಅವರು ದೋಣಿಯಿಲ್ಲದೆ ತೇಲುತ್ತಿದ್ದರು.

ಅವತ್ತೂ ಹಾಗೆ ತೇಲುತ್ತಿದ್ದಾಗ ಮೊಣಕೈ ತಗುಲಿ, ನೀರಿನ ಸೀಸೆ ಬಿದ್ದು ಚೂರಾಯಿತು.

ಅವತ್ತೇ ಅಳತೆಯ ಸಾಧನಗಳ ತಪಾಸಣೆಗೆ ಅಧಿಕಾರಿ ಬರುವುದಿತ್ತು. “ಕೊಳವೆ ಒಂಚೂರು ತಪ್ಪಿದ್ರೂ ನೆಲಮಾಳಿಗೆಗೆ ಹೋಗಿ ಮುಚ್ಚಳ ಎಣಿಸ್ಕೊಂಡಿರಿ,” ಎಂದು ಮ್ಯಾನೇಜರು ಮೊದಲೇ ಹೇಳಿದ್ದರು. ನೆಲಮಾಳಿಗೆಗೆ ಕಿಟಕಿಯೇ ಇಲ್ಲ.

ಚಹಾ ಮಾಡುವ ಅಮ್ಮ ಪೊರಕೆ ಹಿಡಿದು ಬಂದರು. “ಅಲ್ಲಿ ಕಾಲಿಡ್ಬೇಡ ಕಣಪ್ಪಾ, ಗಾಜು ಚುಚ್ಚುತ್ತೆ.”

“ನೀರೇ ಇಲ್ವಲ್ಲಮ್ಮಾ! ಉಗ್ರಾಣದೋರು ಮೂರು ಸಹಿ ಕೇಳ್ತಾರೆ.”

“ಆವಿಯ ನೀರು ತಾನೇ? ನನ್ನ ಕೆಟಲ್ ಇರೋದ್ಯಾಕೆ?”

ಕುದಿಯುವ ಕೆಟಲ್ಲಿಗೆ ತಟ್ಟೆ ಅಡ್ಡ ಹಿಡಿದು, ಬೆವರಿದ ಹನಿಗಳನ್ನೆಲ್ಲ ತಾಳ್ಮೆಯಿಂದ ಇಳಿಸಿ, ತಣಿಸಿ, ಕಾಲು ಲೋಟ ನೀರು ತಂದುಕೊಟ್ಟರು. ರಾಯರು ಎರಡು ಹನಿ ಹಾಕಿ ನೋಡಿದರೆ ಗೆರೆ ಎಲ್ಲೋ ಮೇಲಿದೆ! ಗಾಬರಿಯಲ್ಲಿ ಕೊಳವೆಯನ್ನೂ ಎಲ್ಲೋ ತಾಗಿಸಿರಬೇಕು ಎಂದುಕೊಂಡು, ತಿರುಪು ತಿರುಗಿಸಿ ತಿರುಗಿಸಿ ಸೊನ್ನೆಗೆ ತಂದರು.

ಪಾಕದ ಮೇಸ್ತ್ರಿ ಮೊದಲ ಬಾಣಲೆಯ ಪಾಕ ತಂದ.

“ಐವತ್ತೊಂಬತ್ತು. ಇನ್ನೂ ಕುದಿಸಬೇಕು.”

“ಅರವತ್ತೈದು ಇರ್ಲೇಬೇಕು ಸ್ವಾಮಿ! ಇಪ್ಪತ್ತು ವರ್ಷದ ಕೈ ಇದು.”

“ಕೊಳವೆ ಸುಳ್ಳು ಹೇಳಲ್ಲಪ್ಪ.”

“ಅದು ಹೇಳಲ್ಲ. ಅದರ ಹಿಂದಿರೋ ಕಣ್ಣು ಕನಸು ಕಾಣುತ್ತೆ.”

ಕುದಿಸಿದ. ಅರವತ್ತೊಂದು. ಮತ್ತೆ ಕುದಿಸಿದ. ಕೊಳವೆಯಲ್ಲಿ ಅರವತ್ತೈದು ಬರುವಷ್ಟರಲ್ಲಿ ಮಧ್ಯಾಹ್ನ. ಪಾಕವೋ, ಹೊರಟೆ ಹೊರಟೆ ಎನ್ನುತ್ತಾ ಬಾಗಿಲಲ್ಲೇ ನಿಂತ ನೆಂಟರ ಹಾಗೆ, ಸೀಸೆ ತುಂಬುವ ನಲ್ಲಿಯ ಬಾಯಲ್ಲೇ ಜೋತಾಡಿತು. ನೋಡಲು ಬಂದ ಮ್ಯಾನೇಜರ ಒಂದು ಬೂಟು ನೆಲಕ್ಕೆ ಅಂಟಿಕೊಂಡು ಅಲ್ಲೇ ಉಳಿಯಿತು.

“ಅಧಿಕಾರಿಗಳು ಬರ್ಲಿ, ಯಾರದ್ದು ತಪ್ಪು ಅಂತ ಗೊತ್ತಾಗುತ್ತೆ,” ಎಂದ ಮೇಸ್ತ್ರಿ. ಕೊಳವೆಯೇ ತಪ್ಪಿದೆ ಎಂದು ರಾಯರಿಗೂ ಒಳಗೊಳಗೇ ಅನಿಸತೊಡಗಿತ್ತು. ಕಿಟಕಿಯನ್ನು ಒಮ್ಮೆ ಕಣ್ತುಂಬ ನೋಡಿಕೊಂಡರು.

ಬಿಸಿಲಲ್ಲಿ ಬಳಲಿ ಬಂದ ಅಧಿಕಾರಿ, ಚೀಲದಿಂದ ತಮ್ಮದೇ ಶುದ್ಧ ನೀರನ್ನು ತೆಗೆದು, ಲೋಟಕ್ಕೆ ಕಾಲು ಭಾಗ ಸುರಿದು, ಕೊಳವೆಯ ಪಕ್ಕ ಇಟ್ಟರು. “ಅರ್ಧ ಗಂಟೆ ಎರಡೂ ಹೀಗೇ ಇರ್ಲಿ. ಬಿಸಿ, ತಂಪು ಒಂದಾಗ್ಬೇಕು.”

ಮಧ್ಯಾಹ್ನದ ಬಿಸಿಲು, ಕೆಳಗಿನಿಂದ ಏರಿಬರುವ ಸಿಹಿ ಆವಿ. ಅಧಿಕಾರಿಯ ಕಣ್ಣು ಮುಚ್ಚಿತು. ಒಂಟಿ ಬೂಟಿನ ಮ್ಯಾನೇಜರು ಗೋಡೆಗೊರಗಿದರು. ರಾಯರು ಎಚ್ಚರವಿದ್ದೂ ನೀಲಿಯೊಳಗೆ ಹೋಗಿಬಿಟ್ಟರು. ಅಮ್ಮ ಮಾತ್ರ ಮೆಲ್ಲಗೆ ಬಂದು, ಅಧಿಕಾರಿಯ ಮುಖಕ್ಕೆ ಬಿಸಿಲು ಬೀಳದಂತೆ ಪರದೆ ಎಳೆದು, ಮೇಜಿನ ಹತ್ತಿರ ಏನೋ ಮಾಡಿ ಹೋದದ್ದು ಕನಸಿನಲ್ಲಿ ಕಂಡಂತಿತ್ತು.

ಅಧಿಕಾರಿ ಎದ್ದು, ಎರಡು ಹನಿ ಹಾಕಿ ನೋಡಿದರು. “ಸೊನ್ನೆ! ಕೂದಲೆಳೆಯಷ್ಟೂ ಆಚೀಚೆ ಇಲ್ಲ.” ತಿರುಪಿಗೆ ಕೆಂಪು ಅರಗು ಹಾಕಿ ಮುದ್ರೆ ಒತ್ತಿದರು. “ಒಂದು ವರ್ಷ ಇದನ್ನ ಯಾರೂ ಮುಟ್ಟಬಾರ್ದು.”

ರಾಯರು ಅಡುಗೆಕೋಣೆಗೆ ಓಡಿದರು. “ಅಮ್ಮಾ, ಆ ನೀರಿಗೇನಾದ್ರೂ ಮಾಡಿದ್ರಾ?”

“ಪಾಪ, ಅಷ್ಟು ದೂರದಿಂದ ಬಂದೋರು ಬರೀ ನೀರು ಕುಡೀಬೇಕಾ? ಒಂದು ಚಮಚ ಸಕ್ಕರೆ ಹಾಕಿ ಕಲಕಿಟ್ಟೆ. ಬೆಳಿಗ್ಗೆ ನಿನ್ನದಕ್ಕೂ ಹಾಕಿದ್ನಲ್ಲ, ಮುಖ ಬಾಡಿತ್ತು.”

ರಾಯರು ಅಲ್ಲೇ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದರು. ನಿಜ ಹೇಳಿದರೆ ಕಿಟಕಿ ಹೋಯಿತು. ಸುಮ್ಮನಿದ್ದು ದಿನಾ ಮನಸ್ಸಿನಲ್ಲೇ ಆರು ಕೂಡಿಸಿಕೊಂಡರೆ ಪಾಕವೂ ಸರಿ, ಕಿಟಕಿಯೂ ತಮ್ಮದೇ! ಅಷ್ಟರಲ್ಲಿ ಮ್ಯಾನೇಜರು ಕುಂಟುತ್ತಾ ಬಂದು ಕೈ ಕುಲುಕಿದರು.

“ಭೇಷ್ ರಾಯರೇ! ಇನ್ನೊಂದು ವರ್ಷ ಸೊನ್ನೆಗೆ ತರೋ ಕೆಲಸವೇ ಇಲ್ಲ. ಅಂಕಿ ಓದೋದನ್ನ ಮೇಸ್ತ್ರಿನೇ ಓದ್ಕೋತಾನೆ, ಕೊಳವೆ ಅವನ ಹತ್ರ ಇರ್ಲಿ. ನೀವು ನಾಳೆಯಿಂದ ಯಾಕೆ, ಈಗ್ಲೇ ಮುಚ್ಚಳದ ಹತ್ರ ಹೋಗ್ಬಿಡಿ.”

ಸಂಜೆ ನೆಲಮಾಳಿಗೆಯವರೆಗೂ ಅಮ್ಮ ಗೋಡೆ ಹಿಡಿದುಕೊಂಡು ಇಳಿದು ಬಂದು ಚಹಾ ಕೊಟ್ಟರು. ಒಂದು ಗುಟುಕು ಕುಡಿದ ರಾಯರ ಮುಖ ಹಿಂಡಿಕೊಂಡಿತು.

“ಸಪ್ಪೆ ಆಯ್ತೇನಪ್ಪಾ? ಡಬ್ಬಿಲಿ ಇದ್ದಿದ್ದೇ ಎರಡು ಚಮಚ,” ಎಂದರು ಅಮ್ಮ ನೊಂದುಕೊಂಡು. “ಎರಡೂ ಆ ನೀರಿಗೇ ಹೋಯ್ತು. ನೀವಿಬ್ರೂ ಒಂದು ಗುಟುಕೂ ಕುಡೀಲಿಲ್ಲ.”